ಬಾಕ್ಸ್ ಆಮೆಗೆ ಹಿತ್ತಲಲ್ಲಿ ಭದ್ರವಾದ ದೊಡ್ಡಿ

ಬಾಕ್ಸ್ ಆಮೆ ಹಾರುವುದಿಲ್ಲ, ಓಡುವುದಿಲ್ಲ. ಆದರೂ ಹಿತ್ತಲಿನ ದೊಡ್ಡಿಗಳಿಂದ ತಪ್ಪಿಸಿಕೊಂಡು ಹೋಗುವುದರಲ್ಲಿ ಅದನ್ನು ಮೀರಿಸುವ ಪ್ರಾಣಿ ಕಡಿಮೆ. ಕಾರಣ ಅದರ ತಾಳ್ಮೆ. ಗೋಡೆಯ ಬುಡ ಹಿಡಿದು ದಿನವೂ ಸುತ್ತುತ್ತದೆ. ಎಲ್ಲಿ ಮಣ್ಣು ಸಡಿಲವಾಗಿದೆ, ಎಲ್ಲಿ ಎರಡು ಹಲಗೆ ಸೇರಿ ಮೂಲೆಯಾಗಿದೆ, ಎಲ್ಲಿ ಒಣಗಿದ ಎಲೆ ಗುಡ್ಡೆಬಿದ್ದಿದೆ ಎಂದು ಹುಡುಕುತ್ತಲೇ ಇರುತ್ತದೆ. ಹೊರಗಿನಿಂದ ರಕೂನ್ ಎಂಬ ಕಾಡುಪ್ರಾಣಿ ರಾತ್ರಿಯಿಡೀ ಅದೇ ಕೆಲಸ ಮಾಡುತ್ತದೆ. ದೊಡ್ಡಿ ಸೋಲುವುದು ಗೋಡೆಯ ನಡುವೆ ಅಲ್ಲವೇ ಅಲ್ಲ. ಸಂದು, ಅಂಚು, ಬುಡ, ಇಲ್ಲೇ ಸೋಲುವುದು. ಹಾಗಾಗಿ ಈ ಬರಹದಲ್ಲಿ ಹಲಗೆಗಿಂತ ಹೆಚ್ಚು ಮಾತು ಹಲಗೆಗಳು ಸೇರುವ ಜಾಗದ ಬಗ್ಗೆ ಇರುತ್ತದೆ.

ಇದು ಅಮೆರಿಕದಲ್ಲಿರುವ ಕನ್ನಡಿಗರಿಗಾಗಿ ಬರೆದದ್ದು, ಯಾಕೆಂದರೆ ಬಾಕ್ಸ್ ಆಮೆ ಅಲ್ಲಿನದು. ನಾರ್ತ್ ಕ್ಯಾರೊಲೈನಾ 1979ರಲ್ಲಿ ಪೂರ್ವದ ಬಾಕ್ಸ್ ಆಮೆಯನ್ನು ರಾಜ್ಯದ ಸರೀಸೃಪವೆಂದು ಘೋಷಿಸಿತು. ಕೆಳಗಿನ ಅಳತೆಗಳೂ ಆ ಕಡೆಯ ಕೆಂಪು ಜೇಡಿಮಣ್ಣಿನ ಹಿತ್ತಲು, ಅಲ್ಲಿನ ಚಳಿ ಮನಸ್ಸಿನಲ್ಲಿಟ್ಟುಕೊಂಡವು. ಊರಲ್ಲಿ ಕೂತು ಓದುತ್ತಿರುವವರು ಇದನ್ನು ನೋಡಿ ನಕ್ಷತ್ರ ಆಮೆಗೆ ಮನೆ ಕಟ್ಟಲು ಹೊರಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಸಾಕುವುದು ಅಪರಾಧ, ಕೊಂಡವರೂ ಸಿಕ್ಕಿಬೀಳುತ್ತಾರೆ.

ಅಮೆರಿಕದಲ್ಲೂ ರಸ್ತೆ ದಾಟುತ್ತಿರುವ ಆಮೆಯನ್ನು ಎತ್ತಿಕೊಂಡು ಬರುವುದು ಸಲ್ಲ. ಕೆಲವು ನೂರು ಗಜದ ಸುತ್ತಳತೆಯೊಳಗೆ ಹುಟ್ಟಿ, ಅಲ್ಲೇ 50 ವರ್ಷ ಬದುಕುವ ಪ್ರಾಣಿ ಅದು. ಬೇರೆ ಕಡೆ ಬಿಟ್ಟರೆ ತನ್ನ ಜಾಗ ಹುಡುಕುತ್ತಾ ನಡೆದೇ ಸಾಯುತ್ತದೆ. ಅದು ಹೊರಟ ದಿಕ್ಕಿನಲ್ಲೇ ರಸ್ತೆಯಾಚೆ ಇಟ್ಟು ಬನ್ನಿ, ಸಾಕು. ಸಾಕಲೇಬೇಕೆಂದಿದ್ದರೆ ಸರೀಸೃಪಗಳ ಆಶ್ರಯ ಕೇಂದ್ರದಿಂದ ದತ್ತು ತೆಗೆದುಕೊಳ್ಳಿ, ಇಲ್ಲವೇ ಮನೆಯಲ್ಲೇ ಮರಿ ಮಾಡಿಸುವವರಿಂದ ತನ್ನಿ. ಸಾಕಲು ಪರವಾನಗಿ ಬೇಕೆನ್ನುವ ರಾಜ್ಯಗಳಿವೆ, ಸಂಖ್ಯೆಗೆ ಮಿತಿ ಹಾಕಿದ ರಾಜ್ಯಗಳಿವೆ. ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಯನ್ನು ಮೊದಲೇ ಕೇಳಿಬಿಡಿ. ಬಡಾವಣೆಗೆ ಎಚ್‌ಓಎ, ಅಂದರೆ ಮನೆಮಾಲೀಕರ ಸಂಘ, ಇದ್ದರೆ ಅವರಿಗೂ ಒಂದು ನಕ್ಷೆ ಕೊಟ್ಟು ಒಪ್ಪಿಗೆ ಪಡೆಯಿರಿ. ಎರಡಡಿ ಎತ್ತರದ, ತರಕಾರಿ ಮಡಿಯಂತೆ ಕಾಣುವ ಪೆಟ್ಟಿಗೆಗೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ.

ಜಾಗ

ಬೆಳಗಿನ ಬಿಸಿಲು ಬೀಳಬೇಕು, ಮಧ್ಯಾಹ್ನದ ಬಿಸಿಲು ತಪ್ಪಬೇಕು. ಮನೆಯ ಪೂರ್ವದ ಬದಿ ಅಥವಾ ದೊಡ್ಡ ಮರವೊಂದರ ಪೂರ್ವಕ್ಕೆ ಇರುವ ಜಾಗ ಒಳ್ಳೆಯದು. ಈ ಆಮೆ ಕಾಡಿನ ಅಂಚಿನದು. ಬೆಳಿಗ್ಗೆ ಒಂದಷ್ಟು ಹೊತ್ತು ಮೈ ಕಾಯಿಸಿಕೊಂಡು ಆಮೇಲೆ ಎಲೆಯಡಿ ಸೇರಿಕೊಳ್ಳುತ್ತದೆ. ತಾಪಮಾನ 32 ಡಿಗ್ರಿ ಸೆಲ್ಸಿಯಸ್, ಅಂದರೆ 90 ಫ್ಯಾರನ್‌ಹೀಟ್ ಮುಟ್ಟಿದರೆ ಕೆಸರು ಹುಡುಕುತ್ತದೆ. ನೆರಳೇ ಇಲ್ಲದ ಹಲಗೆಯ ಪೆಟ್ಟಿಗೆಯಲ್ಲಿ ಜುಲೈ ಮಧ್ಯಾಹ್ನ ಬಿಟ್ಟರೆ ಸಾಯಲು ಕೆಲವು ಗಂಟೆ ಸಾಕು. ಅರ್ಧ ನೆರಳು, ಅರ್ಧ ಚುಕ್ಕೆಚುಕ್ಕೆ ಬಿಸಿಲು ಇರುವಂತೆ ನೋಡಿ.

ನೀರು ನಿಲ್ಲುತ್ತದೆಯೇ ಎಂದು ನೋಡಲು ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಎರಡನೇ ಸಲದ ನೀರು ಮಾರನೆಯ ದಿನವೂ ನಿಂತಿದ್ದರೆ ಆ ಜಾಗ ಬಿಡಿ. ಕೆಂಪು ಜೇಡಿಯಲ್ಲಿ ಇದು ತೀರಾ ಸಾಮಾನ್ಯ. ಚಳಿಗಾಲದಲ್ಲಿ ಮಣ್ಣಿನೊಳಗೆ ಮಲಗಿದ ಆಮೆ ಅದೇ ಗುಂಡಿಯಲ್ಲಿ ತಣ್ಣೀರಲ್ಲಿ ಮುಳುಗಿಹೋದರೆ ವಸಂತದವರೆಗೂ ನಿಮಗೆ ಗೊತ್ತೇ ಆಗುವುದಿಲ್ಲ. ಸ್ವಲ್ಪ ಇಳಿಜಾರಿರುವ, ಛಾವಣಿಯ ನೀರು ಬಂದು ಬೀಳದ ಕಡೆ ಆರಿಸಿ. ಹುಲ್ಲಿಗೆ ಕಳೆನಾಶಕ ಹೊಡೆಸುವ ಅಭ್ಯಾಸವಿದ್ದರೆ ದೊಡ್ಡಿಯ ಸುತ್ತ ಅದನ್ನು ನಿಲ್ಲಿಸಬೇಕಾಗುತ್ತದೆ.

ಗುದ್ದಲಿ ಎತ್ತುವ ಮುಂಚೆ, ಕೆಲಸದ ದಿನಗಳ ಲೆಕ್ಕದಲ್ಲಿ ಕೆಲವು ದಿನ ಮೊದಲೇ, 811ಕ್ಕೆ ಫೋನ್ ಮಾಡಿ. ಗ್ಯಾಸ್, ವಿದ್ಯುತ್, ಕೇಬಲ್ ಹಾದುಹೋದ ಕಡೆ ಬಣ್ಣದ ಗುರುತು ಹಾಕಿ ಹೋಗುತ್ತಾರೆ, ದುಡ್ಡು ಕೇಳುವುದಿಲ್ಲ. ಇಂಟರ್ನೆಟ್ ಕೇಬಲ್ ಒಂದು ಗೇಣು ಆಳದಲ್ಲೇ ಇರುವುದುಂಟು.

ಅಳತೆ ಮತ್ತು ಸಾಮಾನು

ಒಂದು ಅಥವಾ ಎರಡು ದೊಡ್ಡ ಆಮೆಗೆ 8 ಅಡಿ ಉದ್ದ, 4 ಅಡಿ ಅಗಲ ಕನಿಷ್ಠ. ದೊಡ್ಡದು ಮಾಡಿದಷ್ಟೂ ಒಳ್ಳೆಯದು. ಆದರೆ ಮೇಲೆ ಮುಚ್ಚಳ ಇರಲೇಬೇಕಾದ್ದರಿಂದ 4 ಅಡಿ ಅಗಲ ಮೀರಿದರೆ ಒಬ್ಬರೇ ಎತ್ತಿ ನಡುವಿನವರೆಗೆ ಕೈ ಹಾಕುವುದು ಕಷ್ಟ. ಹೆಚ್ಚು ಜಾಗ ಬೇಕೆಂದರೆ ಉದ್ದವನ್ನೇ ಬೆಳೆಸಿ.

ಗೋಡೆಗೆ 2×12ರ 8 ಅಡಿ ಹಲಗೆ ಆರು. ಅಂಗಡಿಯಲ್ಲಿ 2×12 ಎಂದು ಬರೆದಿದ್ದರೂ ನಿಜವಾದ ಅಳತೆ ಒಂದೂವರೆ ಇಂಚು ದಪ್ಪ, 11¼ ಇಂಚು ಅಗಲ. ಎರಡು ಮೇಲೆ ಕೆಳಗೆ ಇಟ್ಟರೆ 22½ ಇಂಚು ಎತ್ತರ. ಸೀಡರ್ ಮರ ಚೆನ್ನಾಗಿ ಬಾಳುತ್ತದೆ, ಬೆಲೆ ಜಾಸ್ತಿ. ಒತ್ತಡದಲ್ಲಿ ಔಷಧಿ ಹಾಯಿಸಿದ ಪೈನ್ ಸಾಕು. ಆರ್ಸೆನಿಕ್ ಹಾಕಿದ ಹಳೆಯ ಬಗೆಯ ಮರವನ್ನು 2003ರ ಕೊನೆಗೆ ಮನೆಬಳಕೆಯಿಂದ ತೆಗೆದಿದ್ದಾರೆ. ಈಗ ಬರುವುದರಲ್ಲಿ ತಾಮ್ರ ಇರುತ್ತದೆ. ಆದ್ದರಿಂದಲೇ ಯಾರೋ ಕಿತ್ತುಹಾಕಿದ ಹಳೆ ಡೆಕ್ಕಿನ ಹಲಗೆ ಪುಕ್ಕಟೆ ಸಿಕ್ಕಿತೆಂದು ತರಬೇಡಿ. ಹೊಸ ಮರದ ತಾಮ್ರ ಸಾಮಾನ್ಯ ಸ್ಕ್ರೂಗಳನ್ನು ತಿಂದುಹಾಕುತ್ತದೆ. ಹೊರಾಂಗಣದ ಲೇಪನವಿರುವ ಡೆಕ್ ಸ್ಕ್ರೂ ಅಥವಾ ಸ್ಟೇನ್‌ಲೆಸ್ ಸ್ಟೀಲ್ ತೆಗೆದುಕೊಳ್ಳಿ: ಮೂರು ಇಂಚಿನವು ಒಂದು ಪೆಟ್ಟಿಗೆ, ಎರಡು ಇಂಚಿನವು ಒಂದು, ಒಂದು ಇಂಚಿನವು ನೂರ ಮೂವತ್ತು.

ಮೂಲೆಗಳಿಗೂ ಉದ್ದ ಗೋಡೆಗಳ ನಡುವಿಗೂ 4×4ರ 8 ಅಡಿ ಕಂಬ ಎರಡು. ಕೊಯ್ದರೆ 20 ಇಂಚಿನ ಆರು ತುಂಡು ಬರುತ್ತವೆ, ಉಳಿದದ್ದು ಬೇರೆ ಕೆಲಸಕ್ಕೆ. ಒಳಚಾಚಿಗೆ, ಅಂದರೆ ಗೋಡೆಯ ತಲೆಯಿಂದ ಒಳಕ್ಕೆ ಚಾಚುವ ಅಂಚಿಗೆ, 1×6ರ 8 ಅಡಿ ಹಲಗೆ ಮೂರು. ಮುಚ್ಚಳದ ಚೌಕಟ್ಟಿಗೆ 2×3ರ 8 ಅಡಿಯವು ಐದು. ಅಡ್ಡಪಟ್ಟಿಗೆ 2×4 ಒಂದು, ಮುಚ್ಚಳದ ಸಂದು ಮುಚ್ಚಲು 1×4 ಒಂದು.

ಜಾಲರಿಯ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ಹಾರ್ಡ್‌ವೇರ್ ಕ್ಲಾತ್ ಎಂದು ಮಾರುವ, ಬೆಸುಗೆ ಹಾಕಿದ, ಅರ್ಧ ಇಂಚು ಕಣ್ಣಿನ, 19 ಗೇಜಿನ ಸತು ಲೇಪಿತ ಜಾಲರಿ ಬೇಕು. ಕೋಳಿ ಬಲೆ ಎಂದು ಮಾರುವ ಆರು ಮೂಲೆಯ ತೆಳು ಜಾಲರಿ ಕೋಳಿಯನ್ನು ಒಳಗಿಡುತ್ತದೆ, ರಕೂನನ್ನು ಹೊರಗಿಡುವುದಿಲ್ಲ. ಕೈಯಲ್ಲೇ ಹರಿಯುತ್ತದೆ, ಕಣ್ಣಿನೊಳಗೆ ಮುಂಗೈ ತೂರುತ್ತದೆ. ಬುಡಕ್ಕೆ 24 ಇಂಚು ಅಗಲದ 25 ಅಡಿ ಸುರುಳಿ ಒಂದು, ಮುಚ್ಚಳಕ್ಕೆ 48 ಇಂಚು ಅಗಲದ್ದು ಕನಿಷ್ಠ 8 ಅಡಿ.

ಪೆಟ್ಟಿಗೆ

ಪೂರ್ತಿ ಲೆಕ್ಕ 48 ಇಂಚಿನ ಜಾಲರಿಯ ಸುತ್ತ ತಿರುಗುತ್ತದೆ. ಅಡ್ಡ ಹಲಗೆಗಳನ್ನು 48 ಇಂಚಿಗೆ ಕೊಯ್ದು ಉದ್ದ ಹಲಗೆಗಳ ನಡುವೆ ಕೂರಿಸಿದರೆ ಹೊರ ಅಗಲ 51 ಇಂಚಾಗುತ್ತದೆ, ಜಾಲರಿ ಮೂರು ಇಂಚು ಸಾಲದೆ ಬರುತ್ತದೆ. ಅದಕ್ಕೇ ಅಡ್ಡ ಹಲಗೆ 45 ಇಂಚು. 45 ಮತ್ತು ಎರಡು ಬದಿಯ ದಪ್ಪ ಸೇರಿ ಸರಿಯಾಗಿ 48. ಆರು ಹಲಗೆಯಲ್ಲಿ ನಾಲ್ಕನ್ನು ಕೊಯ್ಯದೆ ಉದ್ದಕ್ಕೆ ಬಳಸಿ, ಎರಡನ್ನು ಕೊಯ್ದು ನಾಲ್ಕು ಅಡ್ಡ ಹಲಗೆ ಮಾಡಿ. ಉಳಿಯುವ ಆರು ಇಂಚಿಗೆ ಸ್ವಲ್ಪ ಕಮ್ಮಿಯ ತುಂಡುಗಳನ್ನು ಎತ್ತಿಡಿ, ಮೂಲೆಗೆ ಬೇಕು.

ಕಂಬಗಳು ಒಳಬದಿಗೆ ಬರುತ್ತವೆ. ಕಂಬದ ತಲೆ ಗೋಡೆಯ ಮೇಲಂಚಿಗೆ ಸಮನಾಗಿರಲಿ. ಆಗ ಕೆಳಗೆ ಎರಡೂವರೆ ಇಂಚು ಹಲಗೆ ಬರಿದಾಗಿ ಉಳಿಯುತ್ತದೆ, ಅಲ್ಲಿ ಜಾಲರಿ ಬಡಿಯಬೇಕು. ಒಂದೊಂದು ಹಲಗೆಯ ತುದಿಗೆ ಮೂರು ಇಂಚಿನ ಮೂರು ಸ್ಕ್ರೂ. ಮೊದಲು ಡ್ರಿಲ್ಲಿನಲ್ಲಿ ಸಣ್ಣ ತೂತು ಮಾಡಿಕೊಳ್ಳಿ, ತುದಿಯಲ್ಲಿ ನೇರ ಸ್ಕ್ರೂ ಬಿಗಿದರೆ ಪೈನ್ ಸೀಳುತ್ತದೆ. ನಾಲ್ಕೂ ಗೋಡೆ ನಿಂತ ಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ: ಎರಡು ಕರ್ಣವೂ 107 ಇಂಚಿನ ಮೇಲೆ ಚೂರು ಬರಬೇಕು, ಎರಡೂ ಒಂದೇ ಬರಬೇಕು. ಕಾಲು ಇಂಚು ವ್ಯತ್ಯಾಸ ನಡೆಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಮುಚ್ಚಳ ಒಂದು ಮೂಲೆಯಲ್ಲಿ ಬಾಯಿ ಬಿಟ್ಟೇ ಇರುತ್ತದೆ, ಆಮೇಲೆ ಸರಿಪಡಿಸಲಾಗುವುದಿಲ್ಲ.

ಗೋಡೆ ಮರದ್ದೇ ಯಾಕೆ, ಸುತ್ತಲೂ ಜಾಲರಿ ಹಾಕಿದರೆ ಗಾಳಿ ಆಡುತ್ತದಲ್ಲ ಎಂದು ಕೇಳುವವರಿದ್ದಾರೆ. ಆಚೆ ಕಾಣುತ್ತಿದ್ದರೆ ಆಮೆ ಆಚೆ ಹೋಗಲು ನೋಡುತ್ತದೆ. ಮೂತಿ ತಿಕ್ಕಿ ತಿಕ್ಕಿ ಗಾಯ ಮಾಡಿಕೊಳ್ಳುತ್ತದೆ, ಜಾಲರಿಯ ಕಣ್ಣಿಗೆ ಉಗುರು ಸಿಕ್ಕಿಸಿ ಹತ್ತುತ್ತದೆ. ಕಾಣದ ಗೋಡೆಯ ಮುಂದೆ ಸುತ್ತಾಟ ಬೇಗ ಕಡಿಮೆಯಾಗುತ್ತದೆ.

ಬುಡ

ಬೆನ್ನು ನೋಯಿಸುವ ಕೆಲಸ ಇದೇ. ದೊಡ್ಡಿಯ ಅಳತೆಯಷ್ಟು ಜಾಗವನ್ನು ಪೂರ್ತಿ 14 ಇಂಚು ಆಳ ತೋಡಬೇಕು. ಬರೀ ಸುತ್ತ ಕಾಲುವೆ ತೋಡಿದರೆ ಸಾಲದು. ಜಾಲರಿಯನ್ನು ಒಳಮುಖವಾಗಿ ಮಡಿಸಿ ಹಾಸಬೇಕಿರುವುದರಿಂದ ನಡುವೆ ಉಳಿಯುವುದು ಎರಡಡಿಗೂ ಕಮ್ಮಿ ಅಗಲದ ಪಟ್ಟಿ ಮಾತ್ರ, ಅದನ್ನೂ ಹೇಗೂ ಸಡಿಲ ಮಾಡಲೇಬೇಕು. ಪೆಟ್ಟಿಗೆ ಕೂರುವ ಅಂಚನ್ನು ಮಾತ್ರ ನಾಲ್ಕು ಇಂಚು ಇಳಿಸಿ, ರಸಮಟ್ಟ ಇಟ್ಟು ಸಮ ಮಾಡಿ, ಅಲ್ಲಿ ಪೆಟ್ಟಿಗೆ ಕೂರಿಸಿ. ನೆಲದ ಮೇಲೆ ಹದಿನೆಂಟೂವರೆ ಇಂಚು ಗೋಡೆ ಉಳಿಯುತ್ತದೆ.

24 ಇಂಚಿನ ಸುರುಳಿಯಿಂದ 93 ಇಂಚಿನ ಎರಡು ತುಂಡು, 53 ಇಂಚಿನ ಎರಡು ತುಂಡು ಕತ್ತರಿಸಿ. ಒಟ್ಟು 292 ಇಂಚು, ಅಂದರೆ 25 ಅಡಿಯಲ್ಲಿ ಎಂಟು ಇಂಚು ಉಳಿಯುತ್ತದೆ. ಲೆಕ್ಕ ತಪ್ಪಿದರೆ ಎರಡನೇ ಸುರುಳಿ ತರಬೇಕು. ಪ್ರತಿ ತುಂಡಿನ ಮೇಲಿನ ಎರಡು ಇಂಚು ಹಲಗೆಯ ಒಳಮುಖಕ್ಕೆ, ಮುಂದಿನ ಹತ್ತು ಇಂಚು ನೇರ ಕೆಳಕ್ಕೆ, ಉಳಿದ ಹನ್ನೆರಡು ಇಂಚು ಒಳಗೆ ಅಡ್ಡಕ್ಕೆ. ಮಡಿಸಲು ನೇರವಾದ ಹಲಗೆಯ ಅಂಚಿಗೆ ಒತ್ತಿ ಬಗ್ಗಿಸಿ. ದಪ್ಪ ಚರ್ಮದ ಕೈಗವಸು ಹಾಕಿಕೊಳ್ಳಿ, ಕತ್ತರಿಸಿದ ತಂತಿಯ ತುದಿ ಬ್ಲೇಡಿನ ಹಾಗೆ ಕೊಯ್ಯುತ್ತದೆ. ಹಲಗೆಗೆ ಬರೀ ಸ್ಟೇಪಲ್ ಹೊಡೆದರೆ ಒದ್ದೆ ಮಣ್ಣಿನಲ್ಲಿ ಎರಡು ಮೂರು ವರ್ಷಕ್ಕೆ ಬಿಟ್ಟುಕೊಳ್ಳುತ್ತದೆ. ಆರು ಇಂಚಿಗೊಂದರಂತೆ ಅಗಲ ವಾಷರ್ ಹಾಕಿ ಒಂದು ಇಂಚಿನ ಸ್ಕ್ರೂ ಬಿಗಿಯಿರಿ.

53 ಇಂಚಿನ ತುಂಡುಗಳಲ್ಲಿ ಎರಡು ಕಡೆಯೂ ನಾಲ್ಕು ಇಂಚು ಹೆಚ್ಚಿಗೆ ಇರುತ್ತದಲ್ಲ, ಅದನ್ನು ಮೂಲೆ ತಿರುಗಿಸಿ ಪಕ್ಕದ ಜಾಲರಿಯ ಮೇಲೆ ಹಾಸಿ, ಸತು ಲೇಪಿತ ತಂತಿಯಿಂದ ಮೂರು ನಾಲ್ಕು ಕಡೆ ಹೊಲಿದುಬಿಡಿ. ಅಡ್ಡಕ್ಕೆ ಹಾಸಿದ ಭಾಗಗಳು ಮೂಲೆಯಲ್ಲಿ ತಾವಾಗಿಯೇ ಒಂದರ ಮೇಲೊಂದು ಬರುತ್ತವೆ. ಆಮೆ ಅಗೆಯುವುದು ಗೋಡೆಯ ಬುಡದಲ್ಲೇ, ಅದರಲ್ಲೂ ಮೂಲೆಯಲ್ಲಿ. ನೇರ ಕೆಳಗೆ ಹೋದ ಜಾಲರಿಯನ್ನು ಅದು ಪಕ್ಕದಲ್ಲಿಟ್ಟುಕೊಂಡು ಅಗೆಯುತ್ತಲೇ ಹೋಗಬಲ್ಲದು. ಕಾಲ ಕೆಳಗೇ ಅಡ್ಡ ಬಂದರೆ ನಿಲ್ಲಿಸುತ್ತದೆ. ಹೊರಗಿನಿಂದ ನರಿಯೋ ನಾಯಿಯೋ ಕೆರೆದರೂ 14 ಇಂಚಿನ ಕೆಳಗೆ ಇಳಿದು, ಇನ್ನೊಂದಡಿ ಒಳಗೆ ಸುರಂಗ ಹೊಡೆದು, ಅಲ್ಲಿಂದ ಮೇಲೇಳಬೇಕು. ಅಷ್ಟು ಹಟ ಮಾಡುವುದಿಲ್ಲ.

ಪೂರ್ತಿ ತಳಕ್ಕೇ ಜಾಲರಿ ಹಾಸಿಬಿಟ್ಟರೆ ಸುಲಭವಲ್ಲವೇ? ಸುಲಭ, ಆದರೆ ಚಳಿಗಾಲ ಬಂದಾಗ ಆಮೆಗೆ ಇನ್ನೂ ಕೆಳಗಿಳಿಯಬೇಕಾಗಿರುತ್ತದೆ. ಇಳಿಯಲಾಗದೆ ಜಾಲರಿಯ ಮೇಲೆಯೇ ಕೂತು ಹೆಪ್ಪುಗಟ್ಟುತ್ತದೆ. ನಡುವೆ ಬಿಟ್ಟ ಜಾಗ ಇರುವುದು ಅದಕ್ಕೇ.

ಒಳಚಾಚು

ಬಾಕ್ಸ್ ಆಮೆ ನೇರ ಗೋಡೆ ಹತ್ತಲಾರದು. ಮೂಲೆಯಲ್ಲಿ ಮಾತ್ರ ಎರಡು ಗೋಡೆಗೂ ಒಂದೊಂದು ಕಾಲು ಒತ್ತಿಕೊಂಡು, ಚಿಪ್ಪಿನ ಅಂಚನ್ನು ಸಿಕ್ಕಿಸಿಕೊಂಡು, ನಂಬಲಾಗದಷ್ಟು ಎತ್ತರ ಏರುತ್ತದೆ. ಮೇಲಂಚಿಗೆ ಮುಂಗಾಲು ಸಿಕ್ಕರೆ ಮುಗಿಯಿತು. ಬಿದ್ದರೂ ಅಪಾಯವೇ: ಬೆನ್ನಡಿಯಾಗಿ ಬಿದ್ದು ಬಿಸಿಲಲ್ಲಿ ಸಿಕ್ಕಿಕೊಂಡರೆ ಮಗುಚಿಕೊಳ್ಳಲಾಗದೆ ಬೇಯುತ್ತದೆ.

1×6 ಹಲಗೆಯನ್ನು ಗೋಡೆಯ ತಲೆಯ ಮೇಲೆ ಮಲಗಿಸಿ, ಹೊರ ಅಂಚಿಗೆ ಸಮ ಮಾಡಿ ಎರಡು ಇಂಚಿನ ಸ್ಕ್ರೂ ಬಿಗಿಯಿರಿ. ಐದೂವರೆ ಇಂಚು ಅಗಲದಲ್ಲಿ ಒಂದೂವರೆ ಗೋಡೆಯ ಮೇಲೆ ಹೋದರೆ ನಾಲ್ಕು ಇಂಚು ಒಳಗೆ ಚಾಚಿರುತ್ತದೆ. ಉದ್ದಕ್ಕೆ ಎರಡು ಹಲಗೆ ಹಾಗೇ ಹಾಕಿ. ಮೂರನೆಯದನ್ನು 37 ಇಂಚಿಗೆ ಎರಡು ಮಾಡಿ ಅಡ್ಡ ಗೋಡೆಗಳ ಮೇಲೆ ಕೂರಿಸಿ. ಮೊದಲೇ ಎತ್ತಿಟ್ಟ ತುಂಡುಗಳನ್ನು ಮುಕ್ಕೋನವಾಗಿ ಕೊಯ್ದು ನಾಲ್ಕು ಮೂಲೆಯಲ್ಲಿ ಒಳಚಾಚಿನ ಕೆಳಗೆ ಸೇರಿಸಿ ಬಿಗಿದರೆ ಮೂಲೆಯ ಮೇಲೆ ಇನ್ನಷ್ಟು ಅಗಲದ ಸೂರು ಬರುತ್ತದೆ. ಮುಚ್ಚಳ ಹೇಗೂ ಇದೆಯಲ್ಲ, ಇದೆಲ್ಲ ಯಾಕೆ ಎನ್ನಬೇಡಿ. ಊಟ ಹಾಕಲು ಮುಚ್ಚಳ ತೆರೆದಿಟ್ಟು ಒಳಗೆ ಹೋಗಿ ಫೋನಿಗೆ ಸಿಕ್ಕಿಕೊಳ್ಳುವ ಅರ್ಧ ಗಂಟೆಗೆ ಇದು ಬೇಕು.

2×4ನ್ನು ಅಡ್ಡಪಟ್ಟಿಯಾಗಿ 45 ಇಂಚಿಗೆ ಕೊಯ್ದು, ಉದ್ದದ ಸರಿಯಾದ ನಡುವೆ, ಎರಡು ನಡುಗಂಬಗಳ ಪಕ್ಕಕ್ಕೆ, ಒಳಚಾಚಿನ ಅಡಿಯಲ್ಲಿ ಬಿಗಿಯಿರಿ. ಉದ್ದ ಗೋಡೆಗಳು ಮಣ್ಣಿನ ಒತ್ತಡಕ್ಕೆ ಹೊರಕ್ಕೆ ಹೊಟ್ಟೆ ಬಿಡುವುದನ್ನು ಇದು ತಡೆಯುತ್ತದೆ.

ಮುಚ್ಚಳ

ಚಿಪ್ಪಿನ ಕೆಳಭಾಗಕ್ಕೆ ಕೀಲಿದೆ, ಆಮೆ ತನ್ನನ್ನು ಪೆಟ್ಟಿಗೆಯಂತೆ ಮುಚ್ಚಿಕೊಳ್ಳುತ್ತದೆ, ಹೆಸರು ಬಂದದ್ದೂ ಅದಕ್ಕೇ. ಅದನ್ನು ನಂಬಿ ಮುಚ್ಚಳ ಬೇಡವೆನ್ನುವವರಿದ್ದಾರೆ. ಕೊಬ್ಬಿದ ಆಮೆ ಪೂರ್ತಿ ಮುಚ್ಚಿಕೊಳ್ಳಲಾರದು, ಮರಿಯ ಚಿಪ್ಪು ಮೆತ್ತಗೆ. ರಕೂನಿಗೆ ಒಂದು ಕಾಲು ಹೊರಗೆ ಸಿಕ್ಕರೆ ಸಾಕು; ಮುಂಗಾಲು ಕಳೆದುಕೊಂಡ ಆಮೆಗಳು ಆಶ್ರಯ ಕೇಂದ್ರಗಳಿಗೆ ಬರುತ್ತಲೇ ಇರುತ್ತವೆ. ಪಾಸಮ್, ಸ್ಕಂಕ್, ಹೆಗ್ಗಣ, ಕಾಗೆ, ಬಿಟ್ಟ ನಾಯಿ, ಇವೂ ಪಟ್ಟಿಯಲ್ಲಿವೆ.

ಮುಚ್ಚಳ ಎರಡು, ಒಂದೊಂದೂ 47¾ ಇಂಚು ಚೌಕ. ಸರಿಯಾಗಿ 48 ಮಾಡಿದರೆ ಮಳೆಗೆ ಮರ ಉಬ್ಬಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. 2×3ನ್ನು ಮಲಗಿಸಿ, ಎರಡು ಉದ್ದ ತುಂಡಿನ ನಡುವೆ 42¾ ಇಂಚಿನ ಮೂರು ಅಡ್ಡ ತುಂಡು, ಒಂದು ನಡುವಿಗೆ. ಜಾಲರಿ ಚೌಕಟ್ಟಿನ ಮೇಲ್ಮುಖಕ್ಕೆ. ಮೇಲೆ ಹತ್ತಿ ಕುಣಿಯುವ ಪ್ರಾಣಿಯ ಭಾರ ಆಗ ಜಾಲರಿಯನ್ನು ಮರಕ್ಕೇ ಒತ್ತುತ್ತದೆ. ಅಡಿಗೆ ಬಡಿದಿದ್ದರೆ ಅದೇ ಭಾರ ಸ್ಕ್ರೂಗಳನ್ನು ಕಿತ್ತುತ್ತದೆ. ಆರು ಇಂಚಿಗೊಂದು ವಾಷರ್ ಇಲ್ಲಿಗೂ. ಎರಡು ಮುಚ್ಚಳಕ್ಕೆ ಸುಮಾರು 80, ಬುಡಕ್ಕೆ 50. ಒಟ್ಟಿಗೆ ದೊಡ್ಡ ಡಬ್ಬಿಯಲ್ಲಿ ಕೊಂಡರೆ ಅಗ್ಗ. ಸ್ಕ್ರೂವಿನ ಎಣಿಕೆಯೂ ಅಷ್ಟೇ.

ಹಿಂಬದಿಯ ಉದ್ದ ಗೋಡೆಗೆ ಒಂದೊಂದು ಮುಚ್ಚಳಕ್ಕೂ ಎರಡೆರಡು ಗಟ್ಟಿ ಕೀಲು. ಎರಡು ಮುಚ್ಚಳದ ನಡುವೆ ಉಳಿಯುವ ಅರ್ಧ ಇಂಚು ಸಂದಿನ ಮೇಲೆ 1×4 ಪಟ್ಟಿ ಬರಬೇಕು. ಅದನ್ನು ಒಂದು ಮುಚ್ಚಳಕ್ಕೆ ಮಾತ್ರ ಬಿಗಿಯಿರಿ, ಇನ್ನೊಂದರ ಮೇಲೆ ಚಾಚಿಕೊಂಡಿರಲಿ. ಆಗ ಪಟ್ಟಿ ಇರುವ ಮುಚ್ಚಳವನ್ನೇ ಮೊದಲು ಎತ್ತಬೇಕು, ಮನೆಯವರಿಗೆಲ್ಲ ಹೇಳಿಡಿ. ಒಳಗಿಂದ ಮೂರಡಿ ಸರಪಳಿ ಕಟ್ಟಿದರೆ ಮುಚ್ಚಳ ಹಿಂದಕ್ಕೆ ಬಿದ್ದು ಕೀಲು ಕಿತ್ತುಬರುವುದಿಲ್ಲ. ಎತ್ತಿದ್ದು ಕೈಮೇಲೆ ಬೀಳದಂತೆ ಊರೆಗೋಲು ಬೇರೆ ಇರಲಿ.

ಚಿಲಕಕ್ಕೆ ಬಂದರೆ, ಕೊಕ್ಕೆ–ಕಣ್ಣಿಯ ಸಾದಾ ಚಿಲಕವನ್ನು ರಕೂನ್ ತೆಗೆಯುತ್ತದೆ. ಜಾರುವ ಅಗುಳಿಯನ್ನೂ ತೆಗೆಯುತ್ತದೆ. ಮಡಚು ಪಟ್ಟಿಯ ಚಿಲಕ ಹಾಕಿ, ಅದರ ಕಣ್ಣಿಗೆ ತಿರುಗಿಸಿ ಬಿಗಿಯುವ ಕ್ಯಾರಬೀನರ್ ಕೊಂಡಿ ಅಥವಾ ಬೀಗ ಸಿಕ್ಕಿಸಿ. ಮುಚ್ಚಳಕ್ಕೆ ಒಂದಲ್ಲ, ಎರಡು, ಎರಡು ತುದಿಗೂ. ನಡುವೆ ಒಂದೇ ಇದ್ದರೆ ಮೂಲೆ ಎತ್ತಿ ಕೈ ತೂರಿಸುತ್ತದೆ.

ಬಿಸಿಲು ಜಾಸ್ತಿಯೆಂದು ಮುಚ್ಚಳಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಕುವುದು ಕೆಟ್ಟ ಉಪಾಯ. ಶಾಖ ಒಳಗೆ ಕಟ್ಟಿಕೊಳ್ಳುತ್ತದೆ, ಮೂಳೆಗೆ ಬೇಕಾದ ಯುವಿಬಿ ಕಿರಣ ಒಳಗೆ ಬರುವುದಿಲ್ಲ. ನೆರಳಿಗೆ ನೆರಳುಬಲೆಯನ್ನು ಅರ್ಧ ಭಾಗಕ್ಕೆ ಕಟ್ಟಿ.

ಮಣ್ಣು, ನೀರು, ಗಿಡ

ಒಳಗಿನ ಗುಂಡಿಗೆ ಸುಮಾರು 34 ಘನ ಅಡಿ ಮಣ್ಣು ಬೇಕು. ತೋಡಿ ತೆಗೆದದ್ದನ್ನು ಹೆಂಟೆ ಒಡೆದು ಎರಡು ಪಾಲು, ಕೊಳೆತ ಎಲೆಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ಕೋಕೋಪೀಟ್ ಐದು ಕಿಲೋ ಇಟ್ಟಿಗೆಯಾಗಿ ಸಿಗುತ್ತದೆ, ನೆನೆಸಿದರೆ ಎರಡು ಘನ ಅಡಿಗೆ ಮೇಲೇ ಉಬ್ಬುತ್ತದೆ. ನಾಲ್ಕು ಇಟ್ಟಿಗೆ ಸಾಕು. ಉಪ್ಪಿನಂಶ ಹೋಗಲು ಒಂದೆರಡು ಸಲ ನೀರು ಬದಲಿಸಿ ಹಿಂಡಿ. ಕುಂಡದ ಮಣ್ಣೆಂದು ಮಾರುವ, ಬಿಳಿ ಪರ್ಲೈಟ್ ಕಾಳು, ರಾಸಾಯನಿಕ ಗೊಬ್ಬರ ಬೆರೆತ ಚೀಲ ಬೇಡ. ಸೀಡರ್ ಚೂರೂ ಬೇಡ, ಅದರ ಎಣ್ಣೆಯ ಘಾಟು ಆಮೆಗೆ ಆಗದು. ಮೇಲೆ ಓಕ್ ಎಲೆ ನಾಲ್ಕು ಇಂಚು.

ಒಂದು ತುದಿಯಲ್ಲಿ ಮಣ್ಣನ್ನು ಅರ್ಧ ಅಡಿ ದಿಬ್ಬ ಮಾಡಿ, ಬಿಸಿಲು ಬೀಳುವ ಕಡೆಗೆ. ಹೆಣ್ಣು ಆಮೆ ಮೇ–ಜುಲೈ ನಡುವೆ ಮೊಟ್ಟೆಯಿಡಲು ಅಂಥ ಜಾಗವನ್ನೇ ಹುಡುಕುತ್ತದೆ. ದಿಬ್ಬ ಗೋಡೆಗೆ ತಾಗಬಾರದು. ತಾಗಿದರೆ ಹದಿನೆಂಟು ಇಂಚಿನ ಗೋಡೆ ಹನ್ನೆರಡಕ್ಕಿಳಿಯಿತು ಎಂದೇ ಲೆಕ್ಕ.

ನೀರಿಗೆ ಹೂಕುಂಡದ ಕೆಳಗಿಡುವ ಮಣ್ಣಿನ ತಟ್ಟೆ, 14 ಇಂಚು ಅಗಲದ್ದು, ಅಂಚು ನೆಲಕ್ಕೆ ಸಮನಾಗುವಂತೆ ಹೂತಿಡಿ. ಆಳ ಆಮೆಯ ಗದ್ದದಷ್ಟು, ಒಂದೂವರೆ ಇಂಚು. ಪ್ಲಾಸ್ಟಿಕ್ ತಟ್ಟೆಯಲ್ಲಿ ಉಗುರು ಜಾರುತ್ತದೆ, ಮಗುಚಿದರೆ ಮುಳುಗುತ್ತದೆ. ನೀರಿಗಿಳಿದ ಕೂಡಲೇ ಹೇಸಿಗೆ ಮಾಡುವುದು ಇದರ ಸ್ವಭಾವ, ದಿನವೂ ಬದಲಿಸಲೇಬೇಕು. ಆ ತಟ್ಟೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹರಡುತ್ತದೆಂದೇ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ಅಮೆರಿಕ ಸರ್ಕಾರ 1975ರಲ್ಲಿ ನಿಷೇಧಿಸಿದ್ದು. ಐದು ವರ್ಷದೊಳಗಿನ ಮಕ್ಕಳ ಕೈಗೆ ಆಮೆ ಕೊಡಬೇಡಿ. ಉಳಿದವರು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲಿ.

ಗಿಡಗಳಲ್ಲಿ ಹೋಸ್ಟಾ, ಜರೀಗಿಡ, ಸ್ಟ್ರಾಬೆರಿ ಹೊಂದಿಕೊಳ್ಳುತ್ತವೆ. ಸ್ಟ್ರಾಬೆರಿ ಹಣ್ಣು ನಿಮಗೆ ಸಿಗುವುದಿಲ್ಲ. ಅಜೇಲಿಯಾ, ರೋಡೊಡೆಂಡ್ರಾನ್, ಕಣಗಿಲೆ, ಯೂ ಎಂಬ ಬೇಲಿಗಿಡ, ಇವು ವಿಷ. ಪತ್ರೊಡೆಗೆಂದು ಹಿತ್ತಲಲ್ಲಿ ಕೆಸು ಬೆಳೆಸುವ ಮನೆಗಳು ಆ ಕಡೆ ಕಡಿಮೆಯಿಲ್ಲ. ಅದರ ಎಲೆ ದೊಡ್ಡಿಯೊಳಗೆ ಬಗ್ಗದಂತೆ ದೂರ ನೆಡಿ, ನಮಗೆ ಗಂಟಲು ಕೆರೆಸುವ ಅದೇ ಆಕ್ಸಲೇಟ್ ಹರಳು ಹಸಿ ಎಲೆ ಕಚ್ಚಿದ ಆಮೆಯ ಬಾಯನ್ನೂ ಸುಡುತ್ತದೆ. ಗೊಂಡೆಹುಳ ಕೊಲ್ಲುವ ಮೆಟಾಲ್ಡಿಹೈಡ್ ಗುಳಿಗೆ ಹಿತ್ತಲಿನ ಯಾವ ಮೂಲೆಯಲ್ಲೂ ಬೇಡ. ಆ ಹುಳಗಳೇ ಇದರ ಊಟ.

ಬೆಂಕಿ ಇರುವೆ ಮಾತ್ರ ತಲೆನೋವು. ಕೆಂಪು ಇರುವೆಯ ಗುಡ್ಡೆ ದೊಡ್ಡಿಯೊಳಗೆ ಎದ್ದರೆ ಮೊಟ್ಟೆ, ಮರಿ ಉಳಿಯುವುದಿಲ್ಲ. ಆಮೆಯನ್ನು ಹೊರಗೆ ತೆಗೆದು ಡಬ್ಬದಲ್ಲಿಟ್ಟು, ಗುಡ್ಡೆಗೆ ಎರಡು ಮೂರು ಬಕೆಟ್ ಕುದಿಯುವ ನೀರು ಸುರಿಯಿರಿ, ಮಾರನೆಯ ದಿನ ನೋಡಿ ಇನ್ನೊಮ್ಮೆ.

ಜೋಡಿ ಇಲ್ಲದೆ ಬೇಸರವಾಗುತ್ತದೇನೋ ಎಂಬ ಚಿಂತೆ ಬೇಡ. ಇದು ಒಂಟಿ ಜೀವ. ಎರಡು ಗಂಡು ಕಾದಾಡುತ್ತವೆ, ಒಂದು ಗಂಡು ಒಂದೇ ಹೆಣ್ಣನ್ನು ಬಿಡದೆ ಕಾಡುತ್ತದೆ. ಎರಡನೆಯದು ತಂದರೂ ಮೂರು ತಿಂಗಳು ಬೇರೆ ಇಟ್ಟು, ಮೂಗು ಸೋರುತ್ತದೆಯೇ, ಕಣ್ಣು ಊದಿದೆಯೇ ನೋಡಿ ಆಮೇಲೆ ಸೇರಿಸಿ.

ಚಳಿಗಾಲ

ನಡುವೆ ಬಿಟ್ಟ ಪಟ್ಟಿಯನ್ನು ಎರಡಡಿ ಆಳಕ್ಕೆ ಸಡಿಲಿಸಿ, ಅದೇ ಮಿಶ್ರಣ ತುಂಬಿ. ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯತೊಡಗಿದಾಗ ಆಮೆ ತಿನ್ನುವುದು ಬಿಡುತ್ತದೆ. ಒತ್ತಾಯ ಮಾಡಬೇಡಿ, ಹೊಟ್ಟೆಯಲ್ಲಿ ಉಳಿದ ಆಹಾರ ಚಳಿಯಲ್ಲಿ ಕೊಳೆಯುತ್ತದೆ. ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಮಣ್ಣಿಗಿಳಿದ ಮೇಲೆ ಅದರ ಮೇಲೆ ಒಂದಡಿ ಒಣ ಎಲೆ ಹೇರಿ, ಮಳೆ ನೇರ ಬೀಳದಂತೆ ಪ್ಲೈವುಡ್ ಓರೆಯಾಗಿ ನಿಲ್ಲಿಸಿ. ಬಳಿಯಲ್ಲೇ ತಾಪಮಾಪಕದ ಕಡ್ಡಿ ಹೂತಿಟ್ಟರೆ ಆಳದ ಮಣ್ಣು 3ರಿಂದ 10 ಡಿಗ್ರಿಯೊಳಗೆ ಇದೆಯೇ ಎಂದು ಮೇಲಿನಿಂದಲೇ ಗೊತ್ತಾಗುತ್ತದೆ.

ಈ ಆಳ ಎಲ್ಲ ಊರಿಗೂ ಹೊಂದುವುದಿಲ್ಲ. ಮನೆಯ ಅಡಿಪಾಯಕ್ಕೆ ನಾರ್ತ್ ಕ್ಯಾರೊಲೈನಾದ ನಡುಭಾಗದಲ್ಲಿ ಹಿಮರೇಖೆ, ಅಂದರೆ ಚಳಿಗೆ ಮಣ್ಣು ಹೆಪ್ಪುಗಟ್ಟುವ ಆಳ, ಸುಮಾರು 12 ಇಂಚು ಎಂದು ಹಿಡಿಯುತ್ತಾರೆ, ನ್ಯೂಜೆರ್ಸಿಯಲ್ಲಿ 30ರಿಂದ 36, ಶಿಕಾಗೊದಲ್ಲಿ 42. ಶಿಕಾಗೊ ಕಡೆಯವರು ದೊಡ್ಡಿಯನ್ನು ಬೇಸಿಗೆಗೆ ಮಾತ್ರ ಇಟ್ಟುಕೊಂಡು ಚಳಿಗಾಲಕ್ಕೆ ಆಮೆಯನ್ನು ಒಳಗೆ ತರುವುದೇ ಸರಿ. ತೂಕ ಇಳಿದ, ಮೂಗು ಸೋರುವ, ಆ ವರ್ಷವಷ್ಟೇ ಬಂದ ಆಮೆಯನ್ನು ಯಾವ ಊರಲ್ಲೂ ಹೊರಗೆ ಮಲಗಿಸಬಾರದು.

ವಸಂತದಲ್ಲಿ ಆಮೆ ಮೇಲೆದ್ದ ಮೇಲೆ ಬುಡದ ಜಾಲರಿಯನ್ನು ಒಂದು ಮೂಲೆಯಲ್ಲಾದರೂ ಅಗೆದು ನೋಡಿ. ಸತು ಹೋಗಿ ತುಕ್ಕು ಹಿಡಿಯುವುದು ಹಲಗೆ ಮತ್ತು ಮಣ್ಣು ಸೇರುವ ಗೆರೆಯಲ್ಲೇ. ವಾರಕ್ಕೊಮ್ಮೆ ಮೂಲೆಗಳಲ್ಲಿ ಸೇರಿದ ಎಲೆ ಎಳೆದುಹಾಕಿ, ಗೋಡೆಗೆ ಒರಗಿದ ಗಿಡ ಕತ್ತರಿಸಿ, ಚಿಲಕ ಅಲುಗಾಡಿಸಿ. ಆಮೆಯ ಕುತ್ತಿಗೆ, ತೊಡೆಯ ಸಂದಿನಲ್ಲಿ ಗಂಟು, ತೂತು ಕಂಡರೆ ನೊಣ ಮೊಟ್ಟೆಯಿಟ್ಟಿರಬಹುದು, ಸರೀಸೃಪ ನೋಡುವ ಪಶುವೈದ್ಯರ ಬಳಿ ಅಂದೇ ಹೋಗಿ.

ಆಮೆ ಬಂದ ದಿನವೇ ಚಿಪ್ಪಿನ ಮೇಲ್ಭಾಗದ್ದೂ ಕೆಳಭಾಗದ್ದೂ ಒಂದೊಂದು ಫೋಟೊ ತೆಗೆದಿಡಿ. ಹಳದಿ ಗೀಟುಗಳ ವಿನ್ಯಾಸ ಒಂದರದು ಇನ್ನೊಂದಕ್ಕಿಲ್ಲ. ಎಂದಾದರೂ ಕಾಣೆಯಾದರೆ ಮೊದಲು ದೊಡ್ಡಿಯ ಒಳಗೇ ಎಲೆಯಡಿ ಕೈಯಾಡಿಸಿ ಹುಡುಕಿ, ಹೆಚ್ಚಿನ ಸಲ ಅಲ್ಲೇ ಹೂತುಕೊಂಡಿರುತ್ತದೆ. ಇಲ್ಲದಿದ್ದರೆ ಮನೆಗೋಡೆ, ಬೇಲಿಯ ಬುಡಗಳನ್ನು ನೋಡಿ. ಸಿಗದಿದ್ದರೆ ಮಳೆ ಬಂದ ಮರುಬೆಳಿಗ್ಗೆ ಮತ್ತೆ. ಪಕ್ಕದ ಮನೆಯವರು ಹಿಡಿದುಕೊಟ್ಟದ್ದು ನಿಮ್ಮದೋ ಕಾಡಿನದೋ ಎಂದು ತಿಳಿಯಲು ಆ ಫೋಟೊ ಬೇಕಾಗುತ್ತದೆ.